ಸೊಂಟದ ಕೀಲು ಬಿಗಿಯಾಗಿದೆ, ಸ್ಟ್ರೆಚ್ ಮಾಡಿದ್ರೂ ನಿಲ್ತಿಲ್ಲ, ದಿನದ ಓಡಾಟದಲ್ಲೇ ಸಡಿಲ ಮಾಡ್ಕೊಳ್ಳೋದು ಹೇಗೆ?

ತೀರ್ಥಹಳ್ಳಿ ಹತ್ರ ಮನೆಯಿಂದ್ಲೇ ಕಂಪನಿ ಕೆಲಸ, ದಿನವಿಡೀ ಕುರ್ಚಿ, ಸಂಜೆ ಎದ್ರೆ ತೊಡೆಸಂದು ಹಿಡ್ಕೊಂಡಿರತ್ತೆ, ಮದುವೆಮನೆ ನೆಲಪಂಕ್ತಿಲಿ ಕೂತ್ರೆ ಪಾಯಸ ಬರೋಷ್ಟ್ರಲ್ಲಿ ಕಾಲು ಚಾಚ್ಬೇಕು ಅನ್ಸತ್ತೆ, ಯೂಟ್ಯೂಬ್ ನೋಡಿ ಸ್ಟ್ರೆಚ್ ಮಾಡಿದ್ರೆ ಅರ್ಧ ಗಂಟೆ ಆರಾಮ ಆಮೇಲೆ ಮತ್ತೆ ಅದೇ ಕಥೆ, ಪದ್ಮಾಸನ ಈ ಜನ್ಮದಲ್ಲಿ ಬರತ್ತಾ ಅಂತ ಕೇಳಿದೀರಿ. ನಾನು ಡಾಕ್ಟರ್ ಅಲ್ಲ, ಶಿವಮೊಗ್ಗದಲ್ಲಿ ಲೆಕ್ಕ ಬರೆಯೋ ಕೆಲಸ, ನಂದೂ ಕುರ್ಚಿ ಬದುಕೇ. ಫಿಸಿಯೋಥೆರಪಿಸ್ಟ್ ಹತ್ರ ಕೇಳಿ ತಿಳ್ಕೊಂಡಿದ್ದು, ಮಾಡಿ ನೋಡಿದ್ದು ಹೇಳ್ತೀನಿ.

ಮೊದ್ಲು ಒಂದು ವಿಷ್ಯ. ಬಿಗಿ ಅನ್ಸಿದ ಮಾತ್ರಕ್ಕೆ ಸ್ನಾಯು ಗಿಡ್ಡ ಆಗಿದೆ ಅಂತಲ್ಲ. ತೊಡೆ ಎತ್ತೋ ಮುಖ್ಯ ಸ್ನಾಯು ಸೋವಾಸ್ ಅಂತ, ಬೆನ್ನುಮೂಳೆಯ ಕೆಳಭಾಗದಿಂದ ಹೊರಟು ಹೊಟ್ಟೆ ಒಳಗಿಂದ್ಲೇ ಇಳಿದು ತೊಡೆಮೂಳೆಯ ಮೇಲ್ತುದಿಯ ಒಳಬದಿಗೆ ಅಂಟ್ಕೊಂಡಿರತ್ತೆ. ಕುರ್ಚಿಲಿ ಕೂತಾಗ ಕೀಲು ಹೆಚ್ಚುಕಮ್ಮಿ 90 ಡಿಗ್ರಿಲಿ ಮಡಚಿರತ್ತೆ, ಗಂಟೆಗಟ್ಲೆ ಹಾಗೇ ಇದ್ರೆ ಆ ಸ್ನಾಯುಗೆ ಪೂರ್ತಿ ಉದ್ದ ಆಗೋ ಕೆಲಸನೂ ಇಲ್ಲ, ಜೋರಾಗಿ ಎಳೆಯೋ ಕೆಲಸನೂ ಇಲ್ಲ, ಕುಂಡೆಯ ದೊಡ್ಡ ಸ್ನಾಯು ಅಂತೂ ಮೆತ್ತೆ ಥರ ಬಿದ್ದಿರತ್ತೆ. ಬಳಸದೇ ಇರೋ ಕೋನಕ್ಕೆ ಕಾಲು ಹೋದ್ರೆ ನರಮಂಡಲ ಬೇಗನೇ ಬ್ರೇಕ್ ಹಾಕತ್ತೆ, ಅದೇ ನಮಗೆ ಬಿಗಿ ಅನ್ಸೋದು. ಸ್ಟ್ರೆಚ್ ಮಾಡಿದಾಗ ಆ ಬ್ರೇಕ್ ಸ್ವಲ್ಪ ಹೊತ್ತು ಸಡಿಲ ಆಗತ್ತೆ ಅಷ್ಟೇ. ಆಮೇಲೆ ಮತ್ತೆ ಕುರ್ಚಿಗೇ ಹೋಗಿ ಕೂತ್ರೆ ಅದು ವಾಪಸ್ ಬರ್ದೇ ಇನ್ನೇನ್ ಮಾಡತ್ತೆ ಮಾರಾಯ್ರೆ.

ಹಿಂದಿನವ್ರು ನೆಲದ ಮೇಲೆ ಕೂರ್ತಿದ್ರು ಅದಕ್ಕೇ ಅವ್ರಿಗೆ ಏನೂ ಆಗ್ತಿರ್ಲಿಲ್ಲ ಅಂತ ಎಲ್ರೂ ಹೇಳ್ತಾರೆ, ನಾನು ಪೂರ್ತಿ ಒಪ್ಪಲ್ಲ. ನಮ್ಮ ಕಡೆ ಅಡಿಕೆ ಕೊಯ್ಲಲ್ಲಿ ಮೆಟ್ಟುಕತ್ತಿ ಮುಂದೆ ರಾತ್ರಿ ತನಕ ಬಗ್ಗಿ ಕೂತು ಸುಲಿದವ್ರು ಏಳುವಾಗ ಹೇಗೆ ಏಳ್ತಾರೆ ನೋಡಿದೀರಲ್ಲ, ಒಂದು ಕೈ ನೆಲಕ್ಕೆ, ಇನ್ನೊಂದು ಮಂಡಿಗೆ, ಅರ್ಧ ಎದ್ದು ಅಲ್ಲೇ ನಿಂತು ಒಂದು ಉಸಿರು, ಆಮೇಲೆ ಸೊಂಟ ನೆಟ್ಟಗೆ. ಮಣೆಯಾದ್ರೂ ಕುರ್ಚಿಯಾದ್ರೂ ಒಂದೇ ಭಂಗಿಲಿ ಹೊತ್ತುಗಟ್ಲೆ ಇದ್ರೆ ಕತೆ ಒಂದೇ. ಅವ್ರನ್ನ ಕಾಪಾಡಿದ್ದು ಉಳಿದ ದಿನದ ಕೆಲಸ. ತೋಟಕ್ಕೆ ಇಳಿಯೋದು ಹತ್ತೋದು, ಬೇಲಿಯ ತಡಬೆ ದಾಟುವಾಗ ಮಂಡಿ ಎದೆ ಹತ್ರ ಬರೋದು, ಆ ಕಾಲು ಆಚೆ ಊರಿದ ಮೇಲೆ ಇನ್ನೊಂದು ಕಾಲು ಹಿಂದೆ ಉಳ್ದು ಸೊಂಟದ ಮುಂಭಾಗ ಪೂರ್ತಿ ತೆರ್ಕೊಳ್ಳೋದು, ಕುಕ್ಕರುಗಾಲಲ್ಲಿ ಕೂತು ಅಡಿಕೆ ಹೆಕ್ಕೋದು. ಕೀಲು ಎಲ್ಲಾ ದಿಕ್ಕಿಗೂ ಹೋಗಿ ಬರ್ತಿತ್ತು, ಅದೂ ಭಾರ ಹೊತ್ತು.

ಹಾಗಾಗಿ ನೀವು ಸ್ಟ್ರೆಚ್ ಪಟ್ಟಿ ಉದ್ದ ಮಾಡೋದಕ್ಕಿಂತ ದಿನಾನ ಒಡೀರಿ. ಅರ್ಧ ಮುಕ್ಕಾಲು ಗಂಟೆಗೊಮ್ಮೆ ಏಳಿ, ಎದ್ದು ನಿಂತು ಮತ್ತೆ ಕೂರೋದಲ್ಲ, ಕೈ ಊರದೇ ಕುರ್ಚಿಯಿಂದ ಐದಾರು ಸಲ ಎದ್ದು ಕೂತು ಆಮೇಲೆ ಹೊರಡಿ. ಫೋನ್ ಕಾಲ್ ಬಂದ್ರೆ ಜಗಲಿಲಿ ಓಡಾಡ್ತಾ ಮಾತಾಡಿ, ಮಳೆಗಾಲದಲ್ಲಿ ಹೊರಗೆ ಹೋಗಕ್ಕಾಗಲ್ಲ ಅನ್ನೋ ನೆಪ ಜಗಲಿ ಇರೋರಿಗೆ ನಡಿಯಲ್ಲ. ಊಟ ನೆಲದ ಮೇಲೆ, ಸಂಜೆ ಟೀವಿನೂ ನೆಲದ ಮೇಲೆ, ಆದ್ರೆ ಚಕ್ಕಳಮಕ್ಕಳ, ಒಂದು ಕಾಲು ಚಾಚಿ, ಒಂದು ಮಂಡಿ ಎತ್ತಿ, ಹೀಗೆ ಬದಲಾಯಿಸ್ತಾ ಇರಿ. ಕಿಟಕಿ ಸರಳು ಹಿಡ್ಕೊಂಡು ಕುಕ್ಕರುಗಾಲಲ್ಲಿ ಕೂರಿ, ಹಿಮ್ಮಡಿ ಏಳ್ತಾ ಇದ್ರೆ ಕೆಳಗೆ ಒಂದು ತೆಳು ಹಲಗೆ ಇಡಿ. ಗುಡ್ಡದ ದಾರಿ ಇದ್ರೆ ಏರಿ, ಏರುವಾಗ ಮಂಡಿ ಜಾಸ್ತಿ ಎತ್ತಬೇಕು, ಕುಂಡೆ ಸ್ನಾಯುನೂ ಜಾಸ್ತಿ ದುಡಿಯತ್ತೆ, ಜಿಮ್ಮಲ್ಲಿ ದುಡ್ಡು ಕೊಟ್ಟು ಮಾಡೋದನ್ನ ನಿಮ್ಮೂರಲ್ಲಿ ಬಿಟ್ಟಿ ಮಾಡ್ಬಹುದು.

ಸ್ಟ್ರೆಚ್ ಬೇಡ ಅಂತಲ್ಲ, ಒಂದು ಸಾಕು, ಸರಿಯಾಗಿ ಮಾಡಿ. ಒಂದು ಮಂಡಿ ನೆಲಕ್ಕೆ ಊರಿ ಇನ್ನೊಂದು ಪಾದ ಮುಂದಿಟ್ಟು ಮುಂದಕ್ಕೆ ವಾಲೋದು ಇದೆಯಲ್ಲ, ಅದ್ರಲ್ಲಿ ಬಹಳ ಜನ ಬೆನ್ನು ಹಿಂದಕ್ಕೆ ಬಗ್ಗಿಸಿ ಏನೋ ಭಾರೀ ಸ್ಟ್ರೆಚ್ ಆಯ್ತು ಅನ್ಕೋತಾರೆ. ಅಲ್ಲಿ ಬಗ್ಗೋದು ಬೆನ್ನೇ ಹೊರತು ಸೊಂಟದ ಕೀಲಲ್ಲ. ಯಾಕಂದ್ರೆ ನೆಟ್ಟಗೆ ನಿಂತ ಮೇಲೆ ತೊಡೆ ಹಿಂದಕ್ಕೆ ಹೋಗೋದೇ ಸುಮಾರು 10ರಿಂದ 20 ಡಿಗ್ರಿ, ಮಿಕ್ಕಿದ್ದೆಲ್ಲ ಬೆನ್ನಿನ ಮೋಸ. ಊರಿದ ಮಂಡಿ ಕಡೆ ಕುಂಡೆ ಬಿಗಿ ಹಿಡಿದು, ಬಾಲದ ಮೂಳೆ ಕೆಳಗೆ ಮಡಚಿದ ಹಾಗೆ ಮಾಡಿ, ಅಲ್ಲೇ ಒಂದಿಂಚು ಮುಂದೆ ಹೋದ್ರೂ ತೊಡೆ ಮುಂಭಾಗ ಎಳೆಯೋದು ಗೊತ್ತಾಗತ್ತೆ. ಜೊತೆಗೆ ಬಲಕ್ಕೆ ಎರಡು: ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತೋದು, ಮತ್ತೆ ಗೋಡೆ ಹಿಡಿದು ನಿಂತು ಒಂದು ಮಂಡಿನ ಸೊಂಟಕ್ಕಿಂತ ಮೇಲೆ ಎತ್ತಿ ಐದಾರು ಉಸಿರು ನಿಲ್ಸೋದು. ಎರಡನೇದು ನೋಡಕ್ಕೆ ಏನೂ ಅಲ್ಲ, ಮಾಡಿ ನೋಡಿ, ತೊಡೆ ನಡುಗತ್ತೆ.

ನಿಜವಾಗ್ಲೂ ಮುಂಭಾಗ ಬಿಗಿ ಇದೆಯಾ ಅಂತ ನೋಡ್ಬೇಕಂದ್ರೆ ಮಂಚದ ಅಂಚಿಗೆ ಕೂತು ಹಿಂದಕ್ಕೆ ಮಲಗಿ ಒಂದು ಮಂಡಿನ ಎದೆಗೆ ತಬ್ಕೊಳ್ಳಿ, ಇನ್ನೊಂದು ತೊಡೆ ಮಂಚಕ್ಕೆ ತಾಗದೇ ಮೇಲೇ ನಿಂತ್ರೆ ಬಿಗಿ ಇರೋ ಸಾಧ್ಯತೆ ಜಾಸ್ತಿ. 19ನೇ ಶತಮಾನದ ಹ್ಯೂ ಓವನ್ ಥಾಮಸ್ ಅನ್ನೋ ಮೂಳೆ ಡಾಕ್ಟರ್ ಹೆಸರಲ್ಲಿ ಇದನ್ನ ಥಾಮಸ್ ಟೆಸ್ಟ್ ಅಂತಾರೆ.

ತೊಡೆಸಂದಿಯಲ್ಲಿ ಚುಚ್ಚೋ ನೋವು, ರಾತ್ರಿ ಮಲಗಿದ್ರೂ ನೋವು, ಕುಂಟೋದು, ಕೀಲು ಸಿಕ್ಕಿಹಾಕ್ಕೊಂಡ ಹಾಗಾಗೋದು, ಕಾಲಿಗೆ ಜೋಮು ಇಳಿಯೋದು, ಇದ್ರಲ್ಲಿ ಯಾವುದಿದ್ರೂ ನನ್ನ ಉತ್ತರ ಬಿಟ್ಟು ಮೂಳೆ ಡಾಕ್ಟರ್ ಹತ್ರ ಹೋಗಿ.

ಪದ್ಮಾಸನ ಬರ್ಬಹುದು, ಬರದೇನೂ ಇರ್ಬಹುದು. ಕೀಲಿನ ಗುಳಿಯ ಆಳ, ಅದು ಮುಖ ಮಾಡಿರೋ ದಿಕ್ಕು ಒಬ್ಬೊಬ್ರಿಗೆ ಒಂದೊಂದು ಥರ, ಮೂಳೆಗೆ ಮೂಳೆ ತಾಗಿದ ಮೇಲೆ ಯಾವ ಸ್ಟ್ರೆಚ್ಚೂ ಕೆಲಸ ಮಾಡಲ್ಲ. ಸೊಂಟದ ಕೀಲು ತಿರುಗದಿದ್ದಾಗ ಪಾದ ಎಳೆದು ಕೂರ್ಸಿದ್ರೆ ಆ ತಿರುಚು ಪೂರ್ತಿ ಮಂಡಿ ಮೇಲೆ ಬೀಳತ್ತೆ, ಅದು ಬೇಡ. ನೆಲಪಂಕ್ತಿಗಾದ್ರೆ ಅಷ್ಟೆಲ್ಲ ಬೇಕಿಲ್ಲ, ಮಣೆನೋ ಮಡಚಿದ ಕಂಬಳಿನೋ ಹಾಕ್ಕೊಂಡು ಮಂಡಿ ಸೊಂಟಕ್ಕಿಂತ ಕೆಳಗೆ ಇರೋ ಹಾಗೆ ಕೂತ್ರೆ ಪಾಯಸ ದಾಟಿ ಮಜ್ಜಿಗೆ ತನಕ ಕೂರ್ಬಹುದು.