ಹೆಣ್ಣಿಗಿರುವ ರಿಯಾಯಿತಿ ಐದಾರು ವರ್ಷದ್ದು ಮಾತ್ರ

ಪ್ರಶ್ನೆ: ನನಗೆ 64 ವರ್ಷ, ಸಕ್ಕರೆ ಕಾಯಿಲೆ ಇದೆ. ಕೋವಿಡ್‌ನಲ್ಲಿ ಸತ್ತವರು ಹೆಚ್ಚಾಗಿ ಗಂಡಸರೇ ಅಲ್ಲವೇ? ಮುಂದೆ ಇಂಥದ್ದೇ ಪಿಡುಗು ಬಂದರೆ ನಾನು ಅಷ್ಟು ಹೆದರಬೇಕೇ?

ಉತ್ತರ: ಅಮ್ಮಾ, ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ಓದಿದಾಗಲೆಲ್ಲ ಸಂಕಟವಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ಲೆಕ್ಕದಂತೆ ಸತ್ತವರಲ್ಲಿ ಶೇ 70ರಷ್ಟು ಗಂಡಸರು, ನಿಜ. ಆದರೆ ಸೋಂಕು ತಗುಲಿದ ಹೆಂಗಸು ಬದುಕುವಳೇ ಎಂಬುದನ್ನು ಆ ಲೆಕ್ಕ ಹೇಳುವುದಿಲ್ಲ. ನಮ್ಮಲ್ಲಿ ಪರೀಕ್ಷೆಗೆ ಬಂದವರೇ ಹೆಚ್ಚಾಗಿ ಗಂಡಸರು. ಅದೇ ವರ್ಷ ಮೇ ತಿಂಗಳವರೆಗಿನ ಅಂಕಿ ನೋಡಿ: ಪತ್ತೆಯಾದ ಸೋಂಕಿತರಲ್ಲಿ ಶೇ 66ರಷ್ಟು ಗಂಡಸರು; ಸೋಂಕಿತರಲ್ಲಿ ಸಾವಿನ ಪ್ರಮಾಣ ಗಂಡಸರಲ್ಲಿ ಶೇ 2.9, ಹೆಂಗಸರಲ್ಲಿ ಶೇ 3.3.

ಹೆಣ್ಣಿನ ದೇಹಕ್ಕೆ ಒಂದಿಷ್ಟು ರಕ್ಷಣೆ ಇದೆ. ವೈರಸ್ಸನ್ನು ಗುರುತು ಹಿಡಿಯುವ ಒಂದು ಮುಖ್ಯ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಹೆಂಗಸರಿಗೆ ಆ ಕ್ರೋಮೋಸೋಮು ಎರಡು. ವಯಸ್ಸಾದ ಕೆಲವು ಗಂಡಸರಲ್ಲಿ ಇಂಟರ್‌ಫೆರಾನ್ ಎಂಬ ರಕ್ಷಕ ಪ್ರೋಟೀನನ್ನು ಅವರ ದೇಹವೇ ಹೊಡೆದುಹಾಕುತ್ತದೆ. ಬೀಡಿ, ಸಿಗರೇಟಿನ ಪಾಲೂ ಇದೆ. ಇದೆಲ್ಲ ಕೂಡಿದರೂ ಒಂದೇ ವಯಸ್ಸಿನ ಗಂಡಸಿನ ಅಪಾಯ ಹೆಂಗಸಿಗಿಂತ ಸುಮಾರು ಎರಡು ಪಟ್ಟು, ಅಷ್ಟೇ.

ಈಗ ವಯಸ್ಸಿಗೆ ಬನ್ನಿ. ಲಸಿಕೆಗೆ ಮೊದಲು, ಮುಂದುವರಿದ ದೇಶಗಳ ಅಂದಾಜಿನಂತೆ ಸೋಂಕಿತರಲ್ಲಿ ಸಾವು 55ನೇ ವಯಸ್ಸಿಗೆ ಶೇ 0.4, 65ಕ್ಕೆ ಶೇ 1.4, 75ಕ್ಕೆ ಶೇ 4.6, 85ಕ್ಕೆ ಶೇ 15. ಐದಾರು ವರ್ಷ ಕಳೆಯುವಷ್ಟರಲ್ಲಿ ಅಪಾಯ ಇಮ್ಮಡಿಯಾಗುತ್ತದೆ. ಅಂದರೆ 64ರ ನೀವು ಹೆಚ್ಚುಕಡಿಮೆ 58ರ ಗಂಡಸಿಗೆ ಸಮ. ಅದರ ಮೇಲೆ ಸಕ್ಕರೆ ಕಾಯಿಲೆ. ಹೆದರಿ ಕೂರಬೇಡಿ, ಸಕ್ಕರೆ ಹತೋಟಿಯಲ್ಲಿಡಿ, ಲಸಿಕೆ ಬಂದ ದಿನವೇ ಹಾಕಿಸಿಕೊಳ್ಳಿ, ಉಸಿರು ಕಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಈ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯವನು. 2021ರ ಮೇ ತಿಂಗಳಲ್ಲಿ ಒಬ್ಬ ಅಜ್ಜಿಯನ್ನು ನನ್ನ ಬಳಿ ಕರೆತಂದಾಗ ಆಮ್ಲಜನಕ 74ಕ್ಕೆ ಇಳಿದಿತ್ತು. ಎಂಟು ದಿನ ಗಂಡನಿಗೆ ಗಂಜಿ ಕಾಯಿಸಿ ಕೊಟ್ಟಿದ್ದರು. ಆಕ್ಸಿಮೀಟರ್ ಗಂಡನ ದಿಂಬಿನ ಪಕ್ಕದಲ್ಲೇ ಇತ್ತು, ಇವರ ಬೆರಳಿಗೆ ಒಮ್ಮೆಯೂ ಯಾರೂ ಹಾಕಿರಲಿಲ್ಲ. ‘ಹೆಂಗಸರಿಗೆ ಏನೂ ಆಗುವುದಿಲ್ಲವಂತಲ್ಲ ಡಾಕ್ಟ್ರೇ’ ಎಂದ ಮಗನಿಗೆ ನಾನು ಉತ್ತರ ಕೊಡಲಿಲ್ಲ. ಅಜ್ಜಿ ಉಳಿಯಲಿಲ್ಲ.

ಪ್ರಶ್ನೆ: ಎಲ್ಲ ಪಿಡುಗುಗಳೂ ಮುದುಕರನ್ನೇ ಕೊಲ್ಲುತ್ತವೆಯೇ?

ಉತ್ತರ: ಇಲ್ಲ. 1918ರ ಇನ್‌ಫ್ಲುಯೆಂಜಾ 20ರಿಂದ 40ರ ಪ್ರಾಯದವರನ್ನು ಕೊಂಡೊಯ್ದಿತು. ಭಾರತದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಸತ್ತರು.

ಪ್ರಶ್ನೆ: ಮೂಗಿಗೆ ನಿಂಬೆರಸ ಬಿಟ್ಟರೆ ಆಮ್ಲಜನಕ ಏರುತ್ತದೆಯೇ?

ಉತ್ತರ: ಏರುವುದಿಲ್ಲ. ಇದನ್ನು ಹೇಳಿಕೊಟ್ಟವರು ಜನರ ಪ್ರಾಣದೊಂದಿಗೆ ಆಡಿದ್ದಾರೆ.

ಪ್ರಶ್ನೆ: ಮುಟ್ಟಿನ ದಿನಗಳಲ್ಲಿ ಲಸಿಕೆ ಹಾಕಿಸಿಕೊಳ್ಳಬಹುದೇ?

ಉತ್ತರ: ಯಾವ ದಿನವಾದರೂ ಹಾಕಿಸಿಕೊಳ್ಳಬಹುದು.