45 ಸಾವಿರ ಪೌಂಡ್ ಸಂಬಳ, ಲಂಡನ್ನಿನಲ್ಲಿ ಮೂವರಿಗೆ ಸಾಕಾ?

ಅಕ್ಕಾ ಅಂತ ಕರೆದು ಕೇಳಿದ್ದೀರಿ, ಅಕ್ಕನ ಹಾಗೇ ಬಿಡಿಸಿ ಹೇಳುತ್ತೇನೆ. ವರ್ಷಕ್ಕೆ 45 ಸಾವಿರ ಪೌಂಡಿನ ಕೆಲಸ ಸಿಕ್ಕಿದೆ. ಹೆಂಡತಿ, ಎರಡು ವರ್ಷದ ಮಗಳ ಜೊತೆ ಲಂಡನ್ನಿಗೆ ಬಂದರೆ ತಿಂಗಳಿಗೆ ಒಂದು ಲಕ್ಷ ರೂಪಾಯಿ ಊರಿಗೆ ಕಳಿಸಬಹುದಾ ಅನ್ನುವುದು ನಿಮ್ಮ ಪ್ರಶ್ನೆ.

ಮೊದಲ ವರ್ಷ ಆಗುವುದಿಲ್ಲ. ದಾವಣಗೆರೆಯಲ್ಲಿ ಕೂತು ಲೆಕ್ಕ ಹಾಕಿದರೆ ಈ ಸಂಬಳ ವರ್ಷಕ್ಕೆ 50 ಲಕ್ಷ ರೂಪಾಯಿ ದಾಟುತ್ತದೆ, ನಿಜ. ಆದರೆ ಖರ್ಚೂ ಪೌಂಡಿನಲ್ಲೇ ಅಲ್ವಾ? ಕೈಗೆ ಬರುವ ದುಡ್ಡಿನಿಂದ ಲೆಕ್ಕ ಶುರು ಮಾಡಿ. 12,570 ಪೌಂಡಿನವರೆಗೆ ತೆರಿಗೆ ಇಲ್ಲ. ಅದರ ಮೇಲಿನದಕ್ಕೆ ನಿಮ್ಮ ಸಂಬಳದ ಮಟ್ಟದಲ್ಲಿ ಶೇ 20 ಆದಾಯ ತೆರಿಗೆ, ಶೇ 8 ನ್ಯಾಷನಲ್ ಇನ್ಶೂರೆನ್ಸ್, ಅಂದರೆ ಸಂಬಳದಲ್ಲೇ ಸರ್ಕಾರ ಹಿಡಿಯುವ ಇನ್ನೊಂದು ಕಡ್ಡಾಯ ಕಂತು. ಪೆನ್ಷನ್‌ಗೆ ತಿಂಗಳಿಗೆ ಸುಮಾರು 130 ಪೌಂಡ್ ಹೋಗುತ್ತದೆ. ಎಲ್ಲ ಕಳೆದು ತಿಂಗಳಿಗೆ 2,860ರ ಹತ್ತಿರ ಕೈಗೆ ಸಿಗುತ್ತದೆ. ದುಡ್ಡು ಸಾಲದು ಅಂತ ಪೆನ್ಷನ್ ಮಾತ್ರ ಬಿಡಬೇಡಿ, ಕಂಪನಿ ಹಾಕುವ ಪಾಲೂ ಕೈ ತಪ್ಪುತ್ತದೆ.

ನೀವು ಬರೆದ ಪಟ್ಟಿಯಲ್ಲಿ ಅಕ್ಕಿ, ಬೇಳೆ, ಹಾಲು, ಕೊತ್ತಂಬರಿ ಸೊಪ್ಪಿನದ್ದೇ ಅರ್ಧ ಭಾಗ ಇದೆ. ಅದರ ಚಿಂತೆ ಬಿಡಿ. ಮನೆಯಲ್ಲೇ ಅಡುಗೆ ಮಾಡಿದರೆ ಮೂವರಿಗೆ 350 ಪೌಂಡ್ ಸಾಕು. ಲಿಡ್ಲ್, ಆಲ್ಡಿ ಅನ್ನುವ ಸೂಪರ್‌ಮಾರ್ಕೆಟ್‌ಗಳಲ್ಲಿ ಹಾಲು ತರಕಾರಿ ಅಗ್ಗ. ಸೋನಾ ಮಸೂರಿ, ತೊಗರಿಬೇಳೆ, ರಾಗಿ ಹಿಟ್ಟು ವೆಂಬ್ಲಿ, ಈಸ್ಟ್ ಹ್ಯಾಮ್, ಟೂಟಿಂಗ್ ಕಡೆಯ ನಮ್ಮವರ ಅಂಗಡಿಗಳಲ್ಲಿ ಸಿಗುತ್ತದೆ. ಈ ಊರಲ್ಲಿ ಸಂಬಳ ನುಂಗುವುದು ಎರಡೇ: ಮನೆ ಬಾಡಿಗೆ ಮತ್ತು ಮಗುವಿನ ನರ್ಸರಿ.

ಮನೆ ಮೊದಲು. ನಾವಿರುವ ಹ್ಯಾರೋ ಕಡೆ ಒಂದು ಬೆಡ್‌ರೂಮಿನ ಮನೆಗೆ 1,450ರ ಆಸುಪಾಸು ಅಂತ ಇಟ್ಟುಕೊಳ್ಳಿ. ಅದರ ಮೇಲೆ ಕೌನ್ಸಿಲ್ ಟ್ಯಾಕ್ಸ್ ಇದೆ. ನಮ್ಮ ಮನೆ ಕಂದಾಯದ ಥರದ್ದೇ, ಆದರೆ ಇಲ್ಲಿ ಸಾಮಾನ್ಯವಾಗಿ ಕಟ್ಟುವುದು ಮಾಲೀಕರಲ್ಲ, ಬಾಡಿಗೆಗೆ ಇರುವವರು. ತಿಂಗಳಿಗೆ 170 ಹಿಡಿಯಿರಿ. ಟೂಟಿಂಗ್ ಇರುವ ವಾಂಡ್ಸ್‌ವರ್ತ್‌ನಲ್ಲಿ ಈ ತೆರಿಗೆ ಹ್ಯಾರೋದ ಅರ್ಧಕ್ಕಿಂತ ಕಡಿಮೆ, ಆದರೆ ಬಾಡಿಗೆ ಜಾಸ್ತಿ. ರೈಲಿನ ದರಕ್ಕೆ ಲಂಡನ್ನನ್ನು ನಡುವಿನಿಂದ ಹೊರಕ್ಕೆ ಝೋನ್‌ಗಳಾಗಿ ಹಂಚಿದ್ದಾರೆ. ಟೂಟಿಂಗ್ ಮೂರನೇ ಝೋನ್, ಹ್ಯಾರೋ ಐದನೆಯದು. ದೂರ ಹೋದಷ್ಟೂ ರೈಲಿನ ಖರ್ಚು ಏರುತ್ತದೆ. ನಾವು ಬಂದ ಹೊಸದರಲ್ಲಿ ಬಾಡಿಗೆ 120 ಪೌಂಡ್ ಕಡಿಮೆ ಅಂತ ಟ್ಯೂಬ್ (ಇಲ್ಲಿನ ಮೆಟ್ರೊ) ಇಲ್ಲದ ಕಡೆ ಮನೆ ಹಿಡಿದೆವು. ಉಳಿಸಿದ ದುಡ್ಡೆಲ್ಲ ರೈಲಿಗೇ ಹೋಯಿತು, ನನ್ನವರು ಮನೆ ಸೇರುವಷ್ಟರಲ್ಲಿ ಮಗ ಮಲಗಿರುತ್ತಿದ್ದ. ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ರೈಲು ಈ ಮೂರನ್ನೂ ಕೂಡಿಸಿ ನೋಡಿ, ಆಮೇಲೆ ಏರಿಯಾ ಆರಿಸಿ.

ಹ್ಯಾರೋದ ಲೆಕ್ಕವನ್ನೇ ಪೂರ್ತಿ ಮಾಡೋಣ. ಕರೆಂಟು, ಗ್ಯಾಸು, ನೀರು ಸೇರಿ 160. ಇಂಟರ್ನೆಟ್, ಫೋನು 50. ದಿನಾ ಆಫೀಸಿಗೆ ಹೋಗುವುದಾದರೆ ರೈಲಿಗೆ 220. ಊಟ 350. ಒಟ್ಟು 2,400. ಉಳಿಯುವುದು 460, ನೀವು ಕೇಳಿದ ಒಂದು ಲಕ್ಷ ರೂಪಾಯಿಗೆ ಅದು ಸಾಲದು. ಚಳಿಗಾಲದ ಬಟ್ಟೆ, ಹಾಸಿಗೆ, ಮಗಳ ಬೂಟು ಎಲ್ಲ ಇದರಲ್ಲೇ ಬರಬೇಕು.

ಹೆಂಡತಿಯೂ ದುಡಿದರೆ ಅಂತ ನೀವು ಕೇಳಿದ್ದೀರಿ. ಇಡೀ ದಿನದ ನರ್ಸರಿಗೆ ಲಂಡನ್ನಿನಲ್ಲಿ ತಿಂಗಳಿಗೆ 1,500 ಪೌಂಡ್ ಸುಲಭವಾಗಿ ದಾಟುತ್ತದೆ. ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೆ ವಾರಕ್ಕೆ 30 ಗಂಟೆ ಉಚಿತ ಅಂತ ಓದಿರುತ್ತೀರಿ. ಅದನ್ನು ನಂಬಿ ಲೆಕ್ಕ ಹಾಕಬೇಡಿ. ನಿಮ್ಮಿಬ್ಬರ ವೀಸಾದಲ್ಲೂ ಸರ್ಕಾರಿ ನೆರವು ಪಡೆಯುವಂತಿಲ್ಲ ಅನ್ನುವ ಷರತ್ತು ಇರುತ್ತದೆ, ಹಾಗಾಗಿ ಆ 30 ಗಂಟೆ ನಿಮಗೆ ಸಿಗುವುದಿಲ್ಲ. ಮಗಳಿಗೆ ಮೂರು ತುಂಬಿದ ನಂತರದ ಟರ್ಮ್‌ನಿಂದ 15 ಗಂಟೆ ಸಿಗುತ್ತದೆ, ಅದು ಎಲ್ಲ ಮಕ್ಕಳಿಗೂ ಇದೆ. ಅಲ್ಲಿಯವರೆಗೆ ಒಂದೇ ಸಂಬಳ ಅಂತಲೇ ತಿಳಿಯಿರಿ.

ಹಾಗಾಗಿ ಮೊದಲ ನಾಲ್ಕು ತಿಂಗಳು ನೀವೊಬ್ಬರೇ ಬನ್ನಿ. ಎರಡು ವರ್ಷದ ಮಗುವನ್ನು ಬಿಟ್ಟು ಬನ್ನಿ ಅಂತ ಬರೆಯಲು ನನಗೂ ಸಂಕಟ ಆಗುತ್ತದೆ. ಆದರೂ ಲೆಕ್ಕ ನೋಡಿ. ಬಿಲ್ಲುಗಳೂ ಸೇರಿ 900ಕ್ಕೆ ಒಂದು ರೂಮು, ಊಟ 200, ರೈಲು, ಫೋನು ಎಲ್ಲ ಕಳೆದರೂ ತಿಂಗಳಿಗೆ 1,500 ಉಳಿಯುತ್ತದೆ. ಮನೆ ಹಿಡಿಯುವಾಗ ಈ ದುಡ್ಡು ಬೇಕೇ ಬೇಕು. ಡೆಪಾಸಿಟ್ ಐದು ವಾರದ ಬಾಡಿಗೆ ಮೀರುವಂತಿಲ್ಲ ಅಂತ 2019ರಿಂದ ಕಾನೂನಿದೆ. ಅದು 1,670, ಜೊತೆಗೆ ಮೊದಲ ತಿಂಗಳ ಬಾಡಿಗೆ. ಒಂದೇ ವಾರದಲ್ಲಿ 3,100 ಪೌಂಡ್ ಕೈ ಬಿಡುತ್ತದೆ. ಡೆಪಾಸಿಟ್ ಅನ್ನು ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯಲ್ಲಿ ಇಡಬೇಕು, ಅದರ ಕಾಗದ ಕೇಳಿ ಪಡೆಯಿರಿ. ನಮ್ಮ ಮೊದಲ ಮನೆ ಬಿಟ್ಟಾಗ ಕಾರ್ಪೆಟ್ಟಿನ ಹಳೇ ಕಲೆಗೆ ನಮ್ಮ ದುಡ್ಡು ಹಿಡಿದರು, ತೋರಿಸಲು ಒಂದು ಫೋಟೊ ಇರಲಿಲ್ಲ. ಬೀಗದ ಕೈ ಸಿಕ್ಕ ದಿನವೇ ಮೂಲೆ ಮೂಲೆಯ ಫೋಟೊ ತೆಗೆಯಿರಿ.

ಅವರಿಬ್ಬರೂ ಬಂದ ಮೇಲೆ ಮಗಳಿಗಾಗುವ ಎಷ್ಟೋ ಖರ್ಚು ಇಲ್ಲಿಲ್ಲ. ವೀಸಾ ಜೊತೆಗೇ ಆರೋಗ್ಯದ ಶುಲ್ಕ ಕಟ್ಟಿರುತ್ತೀರಿ, ಡಾಕ್ಟರಿಗೆ ಮತ್ತೆ ಕೊಡಬೇಕಿಲ್ಲ. ಮಕ್ಕಳಿಗೆ ಬರೆದುಕೊಡುವ ಔಷಧಿ ಉಚಿತ. ಬಸ್ಸು, ಟ್ಯೂಬಿನಲ್ಲಿ ನಿಮ್ಮ ಜೊತೆ ಅವಳಿಗೆ ಟಿಕೆಟ್ ಇಲ್ಲ. ಸರ್ಕಾರಿ ಶಾಲೆಗೆ ಫೀಸಿಲ್ಲ, ಲಂಡನ್ನಿನ ಪ್ರೈಮರಿ ಮಕ್ಕಳಿಗೆಲ್ಲ 2023ರಿಂದ ಮಧ್ಯಾಹ್ನದ ಊಟವೂ ಶಾಲೆಯಲ್ಲೇ ಉಚಿತ. ಭಾನುವಾರ ಸುಮ್ನೆ ಥೇಮ್ಸ್ ದಡದಲ್ಲಿರುವ ಬಸವಣ್ಣನ ಪ್ರತಿಮೆಯ ಹತ್ತಿರ ನಡೆದು ಬನ್ನಿ, ಮಗಳಿಗೆ ಡೈನೋಸಾರ್ ಮ್ಯೂಸಿಯಂ ತೋರಿಸಿ, ಅಲ್ಲೂ ಟಿಕೆಟ್ ಇಲ್ಲ.

ಕುಕ್ಕರ್ ತರುವುದಾದರೆ ಇಂಡಕ್ಷನ್‌ಗೆ ಆಗುವ ಸ್ಟೀಲಿನದ್ದೇ ತನ್ನಿ, ಬಾಡಿಗೆ ಮನೆಗಳಲ್ಲಿ ಎಷ್ಟೋ ಕಡೆ ಇಂಡಕ್ಷನ್ ಒಲೆ ಇರುತ್ತದೆ, ಅದರ ಮೇಲೆ ಅಲ್ಯುಮಿನಿಯಂ ಕುಕ್ಕರ್ ಕಾಯುವುದಿಲ್ಲ. ಇನ್ನೊಂದು ಮಾತು. ಫೋಟೊ ನೋಡಿ ರೂಮಿಗೆ ದುಡ್ಡು ಕಳಿಸಬೇಡಿ, ಹಾಗೆ ಮೋಸ ಹೋದವರು ಬಹಳ ಜನ. ಇಷ್ಟವಾದ ರೂಮಿನ ವಿಳಾಸ ನನಗೆ ಕಳಿಸಿ. ಶನಿವಾರ ನಾನೇ ಹೋಗಿ ನೋಡಿಕೊಂಡು ಬರುತ್ತೇನೆ.