ಓದುಗರ ಪ್ರಶ್ನೆ: ಪ್ರಬಂಧ ಅರ್ಧ ಪುಟಕ್ಕೇ ನಿಲ್ಲುತ್ತದೆ

ಪ್ರಶ್ನೆ: ಸ್ಪರ್ಧೆಗೆ ‘ತುಂಗಭದ್ರಾ ಜಲಾಶಯದ ಹೂಳು’ ವಿಷಯ ಕೊಟ್ಟಿದ್ದಾರೆ. ನಾನು ನೇರವಾಗಿ ಫೇರ್ ಹಾಳೆಯಲ್ಲೇ ಬರೆಯುತ್ತೇನೆ. ಅರ್ಧ ಪುಟಕ್ಕೇ ಹೇಳುವುದೆಲ್ಲ ಮುಗಿದುಬಿಡುತ್ತದೆ. ಏನು ಮಾಡಲಿ?
– ಹತ್ತನೇ ತರಗತಿ ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಸರಕು ಕೂಡಿಸದೆ ಕೂತರೆ ಹಾಗೇ ಆಗುವುದು. ‘ನೀರು ಅಮೂಲ್ಯ, ರೈತ ದೇಶದ ಬೆನ್ನೆಲುಬು’ ಎನ್ನುವ ಮಾತುಗಳು ಐದು ಸಾಲಿಗೆ ಖಾಲಿ. ಮೊದಲು ರಫ್ ಹಾಳೆಯಲ್ಲಿ ಹತ್ತು ನಿಮಿಷ, ಗೊತ್ತಿರುವುದನ್ನೆಲ್ಲ ತುಂಡು ಮಾತುಗಳಲ್ಲಿ ಗೀಚಿ. 1953ರಲ್ಲಿ ಕಟ್ಟಿ ಮುಗಿದದ್ದು, ಆಗ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತಿದ್ದದ್ದು, ಈಗ 105 ಚಿಲ್ಲರೆಗೆ ಇಳಿದದ್ದು, ಎರಡನೇ ಬೆಳೆಯ ತಾಪತ್ರಯ, ಕಾಲುವೆ ಕೊನೆಯ ಹೊಲಗಳ ಪಾಡು, ನವಲಿ ಹತ್ತಿರ ಹೆಚ್ಚುವರಿ ನೀರು ಹಿಡಿದಿಡುವ ಸಮತೋಲನ ಜಲಾಶಯದ ಪ್ರಸ್ತಾಪ. ಅನುಮಾನ ಇರುವಲ್ಲಿ ಪ್ರಶ್ನೆ ಚಿಹ್ನೆ ಹಾಕಿ, ಮರುದಿನ ಗ್ರಂಥಾಲಯದಲ್ಲಿ ನೋಡಿ, ಗದ್ದೆ ಮಾಡುವವರನ್ನು ಕೇಳಿ.

ಆಮೇಲೆ ನೀವು ಹೇಳಬೇಕಾದದ್ದನ್ನು ಒಂದೇ ವಾಕ್ಯ ಮಾಡಿ. ‘ಹೂಳಿನ ಪೆಟ್ಟು ಜೋರಾಗಿ ಬೀಳುವುದು ಕಾಲುವೆ ಕೊನೆಯ ರೈತನಿಗೆ’ ಎಂದಿರಲಿ. ಇದಕ್ಕೆ ಹೊಂದದ್ದನ್ನು ಹೊಡೆದುಹಾಕಿ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ (ನೀರು ಹೊರಬಿಡುವ ಮೇಲ್ಭಾಗದ ಬಾಗಿಲು) ಕೊಚ್ಚಿಹೋದದ್ದನ್ನು ತುರುಕುವ ಆಸೆ ಎಲ್ಲರಿಗೂ ಬರುತ್ತದೆ. ಅದು ಚೈನ್ ತುಂಡಾಗಿ ಆದದ್ದು, ಬೇರೆಯೇ ಪ್ರಬಂಧ. ಉಳಿದದ್ದಕ್ಕೆ ಕಾರಣ, ಪರಿಣಾಮ, ಪರಿಹಾರ ಎಂದು ಅಂಕಿ ಹಾಕಿದರೆ ಪ್ಯಾರಾಗಳು ಸಿಕ್ಕವು.

ಕರಡನ್ನು ಸಾಲು ಬಿಟ್ಟು ಸಾಲು ಬರೆಯಿರಿ, ತಿದ್ದಲು ಜಾಗ ಬೇಕು. ರಬ್ಬರ್ ಮುಟ್ಟಬೇಡಿ, ಕಾಗುಣಿತಕ್ಕೆ ನಿಂತರೆ ವಿಚಾರ ಕಡಿದುಹೋಗುತ್ತದೆ. ಪೀಠಿಕೆ ಕೊನೆಗೆ ಬರೆದರೂ ನಡೆಯುತ್ತದೆ.

ಪ್ರಶ್ನೆ: ‘ತಿದ್ದಿ ಬರೆಯಿರಿ’ ಎಂದರೆ ಮಕ್ಕಳು ಕಾಗುಣಿತ ಸರಿಮಾಡಿ ಅದನ್ನೇ ದುಂಡಗೆ ನಕಲು ಮಾಡಿ ತರುತ್ತಾರೆ.
– ಪ್ರೌಢಶಾಲಾ ಶಿಕ್ಷಕಿ, ಸಿಂಧನೂರು

ಉತ್ತರ: ವಿಷಯ ತಿದ್ದುವುದು, ಭಾಷೆ ತಿದ್ದುವುದು ಎರಡನ್ನೂ ಒಂದೇ ದಿನ ಕೊಡಬೇಡಿ, ಮೇಡಂ. ಮೊದಲ ದಿನ ಕೆಂಪು ಪೆನ್ನೇ ಬೇಡ. ‘ಹೂಳಿನಿಂದ ಬಹಳ ತೊಂದರೆಗಳು ಆಗುತ್ತಿದೆ’ ಎಂದು ಬರೆದಿದ್ದರೆ, ಯಾರಿಗೆ, ಏನು ತೊಂದರೆ ಎಂದಷ್ಟೇ ಅಂಚಿನಲ್ಲಿ ಕೇಳಿ. ‘ಸುಮಾರು 27 ಟಿಎಂಸಿ ನೀರಿನ ಜಾಗವನ್ನು ಹೂಳು ತಿಂದಿದೆ; ಒಳಹರಿವು ಕಡಿಮೆಯಾದ ವರ್ಷ ಎರಡನೇ ಬೆಳೆಗೆ ನೀರು ಸಾಲದು’ ಎಂಬಲ್ಲಿಗೆ ಬಂದರೆ ಅದು ತಿದ್ದುಪಡಿ. ಹಳೇ ವಾಕ್ಯದ ‘ಆಗುತ್ತಿದೆ’ಯನ್ನು ಮೊದಲೇ ‘ಆಗುತ್ತಿವೆ’ ಮಾಡಿಸಿದ್ದರೆ ಆ ಶ್ರಮ ದಂಡ, ವಾಕ್ಯವೇ ಹೋಯಿತಲ್ಲ.

ಎರಡನೇ ದಿನ ಭಾಷೆ. ‘ವಿಧ್ಯಾರ್ಥಿ’, ‘ಜಲಾಷಯ’ದಂಥವು ಕಣ್ಣಿಗೆ ಬೀಳಬೇಕಾದರೆ ಕೊನೆಯ ವಾಕ್ಯದಿಂದ ಹಿಂದಕ್ಕೆ ಓದಿಸಿ, ಮುಂದಕ್ಕೆ ಓದಿದರೆ ಅರ್ಥ ಎಳೆದುಕೊಂಡು ಹೋಗಿ ಅಕ್ಷರ ಕಾಣುವುದಿಲ್ಲ. ಗಟ್ಟಿಯಾಗಿ ಓದುವಾಗ ಉಸಿರು ಸಾಲದ ಕಡೆ ವಾಕ್ಯ ಮುರಿಯಲಿ. ಅಲ್ಲಿ ಸಾಮಾನ್ಯವಾಗಿ ಎರಡು ಮೂರು ‘ಮತ್ತು’ ಕೂತಿರುತ್ತವೆ.

ಪ್ರಶ್ನೆ: ಪರೀಕ್ಷೆಯಲ್ಲಿ ಇಷ್ಟಕ್ಕೆಲ್ಲ ಸಮಯ ಎಲ್ಲಿದೆ?
– ಪಿಯುಸಿ ವಿದ್ಯಾರ್ಥಿ, ಕೊಪ್ಪಳ

ಉತ್ತರ: ಪ್ರಬಂಧಕ್ಕೆ 20 ನಿಮಿಷ ಇದ್ದರೆ 3 ನಿಮಿಷ ಅಂಶಗಳಿಗೆ, 14 ಬರವಣಿಗೆಗೆ, 3 ಓದಿ ತಿದ್ದುವುದಕ್ಕೆ. ಅಂಶಗಳನ್ನು ಕೊನೇ ಪುಟದಲ್ಲಿ ಬರೆದು ಒಂದು ಗೆರೆ ಹೊಡೆಯಿರಿ. ಫೇರ್ ಕಾಪಿಯ ಆಸೆ ಬಿಡಿ.